ರಜೆಗೆ ಬಂದ ಮೊಮ್ಮಕ್ಕಳಿಗೆ ಶ್ರೀರಂಗಪಟ್ಟಣ

ಪ್ರಶ್ನೆ: ಬೇಸಿಗೆಯಲ್ಲಿ ಒಂದೇ ದಿನಕ್ಕೆ ಮಕ್ಕಳಿಗೆ ಶ್ರೀರಂಗಪಟ್ಟಣ ತೋರಿಸುವುದು ಹೇಗೆ? ಮಿಕ್ಕ ಮಧ್ಯಾಹ್ನಗಳಲ್ಲಿ ಏನು ಆಡಿಸಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ರಂಗನಾಥಸ್ವಾಮಿ ದರ್ಶನ ಬೆಳಿಗ್ಗೆಯೇ ಮುಗಿಸಿ. ಹೊತ್ತೇರಿದರೆ ಕಲ್ಲುಚಪ್ಪಡಿ ಕಾದು ಬರಿಗಾಲು ಸುಡುತ್ತದೆ. ಮಧ್ಯಾಹ್ನ ಬಾಗಿಲೂ ಹಾಕಿರುತ್ತಾರೆ. ಬಿಸಿಲೇರುವಾಗ ದರಿಯಾ ದೌಲತ್ ಸೇರಿಕೊಳ್ಳಿ. 1784ರ ಈ ಅರಮನೆಯ ಹೊರಗೋಡೆಯಲ್ಲಿ ಹೈದರ್–ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಸುಮ್ಮನೆ 'ನೋಡಿ' ಎಂದರೆ ಮಕ್ಕಳು ಎರಡೇ ನಿಮಿಷಕ್ಕೆ ಬೇಸರಪಡುತ್ತಾರೆ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾನಿ ಕರ್ನಲ್ ಬೇಯ್ಲಿ ಎಲ್ಲಿ, ಸಿಡಿಯುತ್ತಿರುವ ಮದ್ದಿನ ಗಾಡಿ ಎಲ್ಲಿ ಎಂದು ಹುಡುಕಿಸಿ. ಸಂಗಮದಲ್ಲಿ ಮಾತ್ರ ನೀರಿಗಿಳಿಸಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಗುಂಡಿಗಳಿರುತ್ತವೆ.

ಮನೆಯಲ್ಲಿ ಚೌಕಾಬಾರ. ಐದೈದು ಮನೆ ಬರೆದು, ನಾಲ್ಕು ಕವಡೆ, ತಲೆಗೆ ನಾಲ್ಕು ಕಾಯಿ ಕೊಡಿ. ಬಾಯಿ ಮೇಲಾದ ಕವಡೆಗಳನ್ನು ಎಣಿಸಬೇಕು: ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಬೋರಲಾದರೆ ಎಂಟು. ಇವೆರಡಕ್ಕೂ ಇನ್ನೊಂದು ಆಟ ಉಂಟು. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎನ್ನುವ ನಿಯಮವನ್ನು ಮೊದಲೇ ಹೇಳಿಬಿಡಿ. ಜಗಳ ಶುರುವಾಗುವುದು ಬಹುಪಾಲು ಅಲ್ಲೇ!