ಗುಡುಗಿಗೆ ಹೆದರುವ ಮಗಳನ್ನು ಹಡಗಿನ ನಾಟಕಕ್ಕೆ ಕರೆದುಕೊಂಡು ಹೋಗಬಹುದಾ?

ಖಂಡಿತ ಕರೆದುಕೊಂಡು ಹೋಗಿ. ಮಗಳಿಗೆ ಐದು ವರ್ಷ, ಕತ್ತಲು ಮತ್ತು ಗುಡುಗು ಅಂದರೆ ಭಯ, ನಿಮ್ಮಲ್ಲಿಗೆ ಬರುತ್ತಿರುವ ಮಕ್ಕಳ ನಾಟಕದಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿಕೊಳ್ಳುತ್ತದೆ ಅಂತ ಬರೆದಿದ್ದೀರಿ. ಇಂಥದೇ ಒಂದು ನಾಟಕದ ಜೊತೆ ನಾನು ಎರಡು ವರ್ಷ ಊರೂರು ತಿರುಗಿದ್ದೇನೆ. ಹಡಗಿನ ಅಡುಗೆಯವನ ಪಾತ್ರ ನನ್ನದು, ಬಿರುಗಾಳಿ ಬಂದಾಗ ಗುಡುಗಿಸುವ ಕೆಲಸವೂ ನನ್ನದೇ ಆಗಿತ್ತು. ಆ ಅನುಭವದಿಂದ ಹೇಳುತ್ತೇನೆ: ರಂಗದ ಮೇಲೆ ಬಿರುಗಾಳಿಯನ್ನು ಹೇಗೆ ಮಾಡುತ್ತಾರೆ ಅನ್ನುವುದನ್ನು ಮನೆಯಲ್ಲೇ ಅವಳಿಗೆ ಹೇಳಿಬಿಡಿ. ಗುಟ್ಟು ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವವರಿದ್ದಾರೆ. ನಾನು ಕಂಡದ್ದು ಹಾಗಲ್ಲ.

ಮೊದಮೊದಲು ನಮ್ಮ ಪ್ರಯೋಗಗಳಲ್ಲಿ ಬಿರುಗಾಳಿ ಶುರುವಾದ ಕೂಡಲೇ ಪೂರ್ತಿ ಕತ್ತಲು ಮಾಡಿ, ರೆಕಾರ್ಡ್ ಮಾಡಿದ ಗುಡುಗನ್ನು ಸ್ಪೀಕರಿನಲ್ಲಿ ಜೋರಾಗಿ ಬಿಡುತ್ತಿದ್ದೆವು. ಹೋದಲ್ಲೆಲ್ಲ ಮೂರು ನಾಲ್ಕು ಮಕ್ಕಳು ಅಳುತ್ತಾ ಹೊರಗೆ ಹೋಗುತ್ತಿದ್ದರು. ನನಗೆ ತುಂಬಾ ಸಂಕಟ ಆಗುತ್ತಿತ್ತು, ಯಾಕೆಂದರೆ ಹಡಗು ಕೊನೆಗೆ ದಡ ಸೇರಿತು ಅನ್ನುವುದನ್ನು ಆ ಮಕ್ಕಳು ನೋಡಲೇ ಇಲ್ಲ, ಅಲ್ವಾ? ಒಂದು ದಿನ ನಿರ್ದೇಶಕರು ಸ್ಪೀಕರ್ ಬೇಡ ಅಂದರು. ಒಂದು ತೆಳು ತಗಡು ತರಿಸಿ, ರಂಗದ ಪಕ್ಕದ ಪರದೆಯ ಮರೆಯಲ್ಲಿ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ರಂಗದ ಮೇಲೇ ತೂಗುಹಾಕಿಸಿದರು. ಕೆಳಗಿನ ಅಂಚು ಹಿಡಿದು ಅಲ್ಲಾಡಿಸಿದರೆ ಸಾಕು, ಗುಡುಗು ಉರುಳುತ್ತದೆ. ಮೆಲ್ಲಗೆ ಅಲ್ಲಾಡಿಸಿದರೆ ದೂರದ್ದು, ಒಮ್ಮೆಲೇ ಜಗ್ಗಿದರೆ ತಲೆಯ ಮೇಲಿನದ್ದು. ಅವತ್ತಿನಿಂದ ಮಕ್ಕಳು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತಗಡು ಮುಟ್ಟುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ಎದ್ದು ಹೋಗುವವರು ತುಂಬಾ ಕಮ್ಮಿ ಆದರು.

ಗಾಳಿಗೂ ಒಂದು ಯಂತ್ರ ಇದೆ. ಮರದ ಪಟ್ಟಿಗಳನ್ನು ಸುತ್ತಲೂ ಹೊಡೆದ ಒಂದು ಉರುಳೆ, ಅದರ ಮೇಲೆ ಬಿಗಿಯಾಗಿ ಹೊದಿಸಿದ ಕ್ಯಾನ್ವಾಸ್ ಬಟ್ಟೆ. ಹಿಡಿ ತಿರುಗಿಸಿದರೆ ಪಟ್ಟಿಗಳು ಬಟ್ಟೆಗೆ ಉಜ್ಜಿ ಗಾಳಿ ಬೀಸಿದ ಸದ್ದು ಬರುತ್ತದೆ. ಜೋರಾಗಿ ತಿರುಗಿಸಿದಷ್ಟೂ ಸದ್ದು ಏರುತ್ತದೆ. ಅಲೆಯ ಸದ್ದನ್ನು ನೀವು ಮನೆಯಲ್ಲೇ ಮಾಡಬಹುದು. ಅಗಲವಾದ ಡಬ್ಬಿಯೊಂದಕ್ಕೆ ಒಣ ಬಟಾಣಿ ಹಾಕಿ ಮುಚ್ಚಿ, ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ. ಇದನ್ನು ನಿಮ್ಮ ಮಗಳ ಕೈಗೇ ಕೊಡಿ.

ಇನ್ನು ಸಮುದ್ರ. ನಮ್ಮದು ಉದ್ದನೆಯ ನೀಲಿ ಬಟ್ಟೆ, ಎರಡು ತುದಿಗೆ ಇಬ್ಬರು. ಬಿಗಿಯಾಗಿ ಹಿಡಿದು ನಡುಗಿಸಿದರೆ ಸಣ್ಣ ಅಲೆ, ಸಡಿಲ ಬಿಟ್ಟು ಎತ್ತಿ ಇಳಿಸಿದರೆ ದೊಡ್ಡ ಅಲೆ. ಸಾಮಾನೆಲ್ಲ ಒಂದೇ ವ್ಯಾನಿನಲ್ಲಿ ಹಿಡಿಸಬೇಕಲ್ಲ, ಹಾಗಾಗಿ ತಿರುಗಾಟದ ತಂಡಗಳಿಗೆ ಬಟ್ಟೆಯಂಥ ಸಮುದ್ರ ಬೇರೆ ಇಲ್ಲ. ಈ ಉಪಾಯ ತುಂಬಾ ಹಳೆಯದು. ರಂಗದ ಯಂತ್ರಗಳನ್ನು ಮಾಡುತ್ತಿದ್ದ ಇಟಲಿಯ ನಿಕೊಲಾ ಸಬ್ಬತ್ತೀನಿ ರಂಗದ ಮೇಲೆ ಸಮುದ್ರ ಮಾಡುವ ಬಗೆಗಳನ್ನು 1638ರಲ್ಲೇ ಬರೆದಿಟ್ಟಿದ್ದ. ಬಟ್ಟೆ ಅದರಲ್ಲಿ ಒಂದು. ಇನ್ನೊಂದು, ಅಲೆಯ ಹಾಗೆ ತಿರುಚಿದ ಉದ್ದನೆಯ ಉರುಳೆಗಳನ್ನು ಒಂದರ ಹಿಂದೆ ಒಂದು ಅಡ್ಡ ಮಲಗಿಸಿ, ಪಕ್ಕದಿಂದ ಹಿಡಿ ತಿರುಗಿಸುವುದು. ಆಗ ಅಲೆಗಳು ಉರುಳುರುಳಿ ಬಂದ ಹಾಗೆ ಕಾಣುತ್ತವೆ. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯಲ್ಲಿ 1766ರ ರಂಗಮಂದಿರ ಇದೆ. ಅಲ್ಲಿ ಇಂಥ ಅಲೆಯ ಯಂತ್ರ ಇವತ್ತಿಗೂ ಉಳಿದಿದೆ.

ಹಡಗು ಓಲಾಡುವುದು ಮಾತ್ರ ಯಾವ ಯಂತ್ರದಿಂದಲೂ ಅಲ್ಲ, ನಟರ ಮೈಯಿಂದ. ನೆಲ ಒಂದು ಚೂರೂ ಅಲ್ಲಾಡುವುದಿಲ್ಲ. ಏಳು ಜನ ಒಂದೇ ಉಸಿರಿನಲ್ಲಿ ಎಡಕ್ಕೆ ವಾಲುತ್ತೇವೆ, ಒಬ್ಬ ಲಾಟೀನನ್ನು ತೂಗುತ್ತಾನೆ, ಇನ್ನೊಬ್ಬ ಜಾರಿ ಹೋಗುವ ಪೆಟ್ಟಿಗೆ ಹಿಡಿಯಲು ಓಡುತ್ತಾನೆ. ತಾಲೀಮಿನಲ್ಲಿ ನಾವು ಅತಿ ಜಾಸ್ತಿ ಹೊತ್ತು ಕಳೆದದ್ದು ಇದಕ್ಕೇ. ಒಬ್ಬ ಅರ್ಧ ಕ್ಷಣ ತಡ ಮಾಡಿದರೂ ಹಡಗು ಮಾಯವಾಗಿ ಸುಮ್ನೆ ಏಳು ಜನ ಓರೆಯಾಗಿ ನಿಂತ ಹಾಗೆ ಕಾಣುತ್ತದೆ. ಎಲ್ಲರೂ ಸರಿಯಾಗಿ ವಾಲಿದ ದಿನ ಮುಂದಿನ ಸಾಲಿನ ಮಕ್ಕಳು ತಮಗೇ ಗೊತ್ತಿಲ್ಲದೆ ನಮ್ಮ ಜೊತೆ ವಾಲುತ್ತಿದ್ದರು. ಆ ಸಾಲು ಎಡಕ್ಕೆ ಬಲಕ್ಕೆ ತೂಗುವುದನ್ನು ರಂಗದಿಂದ ನೋಡಿದ್ದೇನಲ್ಲ, ಅದಕ್ಕೇ ಹೇಳುತ್ತಿರುವುದು, ದಯವಿಟ್ಟು ತಪ್ಪಿಸಬೇಡಿ ಅಂತ.

ಹೋಗುವ ಮೊದಲು ತಂಡದವರಿಗೆ ಫೋನ್ ಮಾಡಿ ಪೂರ್ತಿ ಕತ್ತಲು ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಅಂತ ಕೇಳಿ. ನಾವಂತೂ ಕೇಳಿದವರಿಗೆಲ್ಲ ಹೇಳುತ್ತಿದ್ದೆವು. ಕೆಲವು ತಂಡಗಳು ರಿಲ್ಯಾಕ್ಸ್ಡ್ ಪ್ರಯೋಗ ಅಂತಲೇ ಮಾಡುತ್ತವೆ. ಅದರಲ್ಲಿ ಪ್ರೇಕ್ಷಕರ ಕಡೆಯ ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ಕಮ್ಮಿ ಇರುತ್ತದೆ, ಮಕ್ಕಳು ಎದ್ದು ಓಡಾಡಿದರೂ ಯಾರೂ ಗದರುವುದಿಲ್ಲ. ಅಂಥದ್ದು ಇದ್ದರೆ ಅದಕ್ಕೇ ಹೋಗಿ. ಇಲ್ಲದಿದ್ದರೆ ಸಾಲಿನ ತುದಿಯಲ್ಲಿ, ಬಾಗಿಲಿಗೆ ಹತ್ತಿರ, ಸ್ಪೀಕರಿಗೆ ದೂರ ಕೂತುಕೊಳ್ಳಿ. ಅವಳು ಹೋಗೋಣ ಅಂದರೆ ಒತ್ತಾಯ ಮಾಡಬೇಡಿ, ಆದರೆ ಮನೆಗೂ ಹೊರಡಬೇಡಿ. ಬಾಗಿಲ ಹತ್ತಿರ ಎತ್ತಿಕೊಂಡು ನಿಂತು, ಬಿರುಗಾಳಿ ಮುಗಿದ ಮೇಲೆ ಒಳಗೆ ಬನ್ನಿ. ನಾಟಕ ಮುಗಿದ ಮೇಲೆ ರಂಗದ ಹತ್ತಿರ ಹೋಗಿ, ಗುಡುಗು ಮಾಡಿದವರು ಯಾರು ಅಂತ ಕೇಳಿ. ತಗಡು ಇದ್ದರೆ ಅವಳೂ ಒಮ್ಮೆ ಅಲ್ಲಾಡಿಸಲಿ.