ಗದ್ದೆ ತೆಗೆದು ಅಡಿಕೆ ಹಾಕಬಹುದಾ? – ಸಂಪಾದಕರ ಉತ್ತರ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಎರಡು ಎಕರೆ ಗದ್ದೆ ಮೂರು ವರ್ಷದಿಂದ ಬೀಳು ಬಿದ್ದಿದೆ. ನಾಟಿಗೆ ಆಳು ಸಿಗುವುದಿಲ್ಲ, ಬೆಳೆದರೆ ಕಾಡುಹಂದಿ ಬಿಡುವುದಿಲ್ಲ. ಅಕ್ಕಪಕ್ಕದವರೆಲ್ಲ ಅಡಿಕೆ ಸಸಿ ನೆಟ್ಟಾಯಿತು, ನಾವೂ ಹಾಕೋಣ ಅಂತ ಮಗ ಹಟ ಹಿಡಿದಿದ್ದಾನೆ. ಏನು ಮಾಡಲಿ ಎಂಬುದು ಅವರ ಪ್ರಶ್ನೆ. ಹಳೆಯ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ.

ನಮಸ್ಕಾರ. ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಇರುವ ತೋಟ ಉಳಿಸಿಕೊಳ್ಳುವುದು ಮೊದಲು, ಹೊಸ ತೋಟ ಆಮೇಲೆ.

ಎಲೆಚುಕ್ಕಿ ಒಬ್ಬರ ತೋಟದ ರೋಗವಲ್ಲ. ಗಾಳಿ ಮಳೆಯ ಜೊತೆ ಪಕ್ಕದ ತೋಟಕ್ಕೆ ದಾಟುವ ಶಿಲೀಂಧ್ರ ಅದು. ನೀವೊಬ್ಬರೇ ಔಷಧಿ ಹೊಡೆದರೆ ದುಡ್ಡು ದಂಡ. ಮಳೆ ಹಿಡಿಯುವ ಮೊದಲೇ ಊರಿನ ನಾಲ್ಕಾರು ಮನೆಯವರು ಕೂತು ಮಾತಾಡಿ, ಒಂದೇ ವಾರದಲ್ಲಿ ಎಲ್ಲರೂ ರೋಗ ತಗುಲಿದ ಕೆಳಗಿನ ಸೋಗೆ (ಅಡಿಕೆ ಮರದ ಎಲೆ) ಕಡಿದು ಸುಟ್ಟು, ಸಿಂಪಡಣೆ ಮಾಡಿ. ಗೊಬ್ಬರದಲ್ಲೂ ಜಿಪುಣತನ ಬೇಡ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ನಮ್ಮಲ್ಲಿ ಹೆಚ್ಚಿನವರು ಪೊಟ್ಯಾಷ್ ಹಾಕುವುದನ್ನೇ ಮರೆಯುತ್ತಾರೆ.

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಅವಸರದಲ್ಲಿ ಕೆಡುವುದು ಇಲ್ಲೇ. ಒಂದು ಕೆ.ಜಿ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ ಕರಗಿಸಿ, ಇನ್ನೊಂದು ಡ್ರಮ್ಮಿನಲ್ಲಿ ಒಂದು ಕೆ.ಜಿ. ಸುಣ್ಣವನ್ನು 50 ಲೀಟರಿಗೆ ಕದಡಿ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಕಬೇಕು. ಆಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಿ. ಮಾಡಿದ ದಿನವೇ ಹೊಡೆದು ಮುಗಿಸಿ.

ಇನ್ನು ಗದ್ದೆ. ನಿಮ್ಮದು ಮಕ್ಕಿಯೋ (ನೀರು ಬಸಿದುಹೋಗುವ ಎತ್ತರದ ಗದ್ದೆ) ಬಯಲೋ (ನೀರು ನಿಲ್ಲುವ ತಗ್ಗಿನ ಗದ್ದೆ) ಬರೆದಿಲ್ಲ. ಮಕ್ಕಿಯಾದರೆ ಅಡಿಕೆ ಹಾಕಲು ನನ್ನ ತಕರಾರಿಲ್ಲ. ತಗ್ಗಿನ ಬಯಲಾದರೆ ಬೇಡ. ಆಗುಂಬೆಯ ಆಸುಪಾಸಿನ ಮಳೆಗೆ ಅಲ್ಲಿ ಬಸಿಗಾಲುವೆ ತೆಗೆದಷ್ಟೂ ನೀರು ಒಸರುತ್ತದೆ, ಬೇರು ಉಸಿರುಕಟ್ಟಿ ಸಸಿ ಹಳದಿಯಾಗುತ್ತದೆ. ಗದ್ದೆಯಲ್ಲಿ ನಿಂತ ನೀರು ಇಂಗಿಯೇ ಕೆಳಗಿನ ಬಾವಿಗಳಿಗೆ ಬೇಸಿಗೆಯಲ್ಲಿ ನೀರು ಸಿಗುವುದು ಅಲ್ವಾ? ಊರಿನ ಗದ್ದೆಯೆಲ್ಲ ತೋಟವಾದರೆ ನೀರು ಇಂಗುವುದು ಕಡಿಮೆಯಾಗಿ, ತೋಟಕ್ಕೆ ಬೇಕಾದ ನೀರೇ ಇರುವುದಿಲ್ಲ. ಈ ಮಾತನ್ನು ಇವತ್ತಿನ ಭರಾಟೆಯಲ್ಲಿ ಯಾರೂ ಹೇಳುತ್ತಿಲ್ಲ ಎಂಬ ಬೇಸರ ನನಗಿದೆ.

ನಿಮ್ಮ ಮಗ ಇವತ್ತಿನ ರೇಟು ನೋಡಿ ಹೇಳುತ್ತಿದ್ದಾನೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಸಸಿ ಹಿಡಿಯುತ್ತದೆ. ಫಸಲು ಶುರುವಾಗಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಚನ್ನಗಿರಿ, ಚಿತ್ರದುರ್ಗ ಕಡೆಯ ಬಯಲುಸೀಮೆಯ ತೋಟಗಳೂ ಕೈಗೆ ಬಂದಿರುತ್ತವೆ. ಆಗಿನ ರೇಟನ್ನು ಇವತ್ತು ಯಾರೂ ಹೇಳಲಾರರು. ಮರ ಹತ್ತುವ ಕೊನೆಗಾರರಂತೂ ಈಗಲೇ ಸಿಗುತ್ತಿಲ್ಲ. ಮಗನಿಗೆ ನೆಲದಲ್ಲೇ ನಿಂತು ಫೈಬರ್ ದೋಟಿ (ಉದ್ದ ಕೋಲು) ಹಿಡಿದು ಔಷಧಿ ಹೊಡೆಯುವುದು, ಅಡಿಕೆ ಗೊನೆ ಕೊಯ್ಯುವುದು ಕಲಿಸಿ. ಹೊಸ ಎರಡು ಎಕರೆಗಿಂತ ಅದು ಜಾಸ್ತಿ ಆದಾಯ ತಂದೀತು. ಹಳೆಯ ಮರಗಳಿಗೆ ಕಾಳುಮೆಣಸು ಹಬ್ಬಿಸಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ.

ಬಯಲು ಗದ್ದೆಯಲ್ಲಿ ಮನೆ ಖರ್ಚಿಗೆ ಆಗುವಷ್ಟಾದರೂ ಭತ್ತ ಮಾಡಿ. ನಾಟಿಗೆ ಆಳಿಲ್ಲದಿದ್ದರೆ ನೇರ ಬಿತ್ತನೆ ಇದೆ. ಹಂದಿ ಕಾಟಕ್ಕೆ ಒಬ್ಬರ ಬೇಲಿ ಸಾಲುವುದಿಲ್ಲ, ಇಡೀ ಬಯಲಿಗೆ ಸೇರಿ ಬೇಲಿ ಹಾಕಬೇಕು. ಎಲೆಚುಕ್ಕಿಗೆ ಕರೆದ ಅದೇ ನಾಲ್ಕಾರು ಮನೆಯವರನ್ನು ಇದಕ್ಕೂ ಕೇಳಿ.

ಈ ಮಳೆಗಾಲ ಸಸಿ ನೆಡಬೇಡಿ. ಜುಲೈನಲ್ಲಿ ಮಳೆ ನಡುವೆ ಬಿಡುವು ಕೊಟ್ಟಾಗ ಯಾವ ಗದ್ದೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ಮಗನ ಜೊತೆ ನೋಡಿ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಪ್ರತಿ ಗದ್ದೆಯ ಮಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ. ಆ ವರದಿ ಸಿಕ್ಕಿದ ಮೇಲೆ ಇನ್ನೊಂದು ಪತ್ರ ಬರೆಯಿರಿ.