ಬೇಸಿಗೆಯಲ್ಲಿ ಮೇಕೆ ಬೆದೆಗೆ ಬರದಿದ್ದರೆ ಹಾರ್ಮೋನ್ ಕೊಡಿಸಬಹುದೇ?

ಪ್ರಶ್ನೆ: ನಮ್ಮಲ್ಲಿ 20 ನಾಟಿ ಮೇಕೆಗಳಿವೆ, ಹೋತ ಒಂದೇ. ಬೇಸಿಗೆಯಲ್ಲಿ ಅರ್ಧದಷ್ಟು ಮೇಕೆ ಬೆದೆಗೇ ಬರುವುದಿಲ್ಲ. ಬಕ್ರೀದ್ ಹೊತ್ತಿಗೆ ಎಲ್ಲ ಮರಿಗಳೂ ಒಟ್ಟಿಗೆ ಮಾರಾಟಕ್ಕೆ ಸಿಗಬೇಕು. ಹಾರ್ಮೋನ್ ಇಂಜೆಕ್ಷನ್ ಕೊಡಿಸಬಹುದಾ?
— ಶಿರಾ ತಾಲ್ಲೂಕಿನ ಓದುಗರು

ಉತ್ತರ: ಕೊಡಿಸಬಹುದು. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸಾನೆನ್, ಆಲ್ಪೈನ್‌ನಂಥ ಯುರೋಪಿನ ಮೇಕೆಗಳು ಹಗಲು ಚಿಕ್ಕದಾಗುವ ಕಾಲದಲ್ಲಿ ಬೆದೆಗೆ ಬರುತ್ತವೆ. ನಮ್ಮ ನಾಟಿ ತಳಿಗಳಿಗೆ ಅಷ್ಟು ಕಟ್ಟುನಿಟ್ಟಿಲ್ಲ, ಮೇವು ಸಿಕ್ಕರೆ ವರ್ಷವಿಡೀ ಬರಬಲ್ಲವು. ಬೇಸಿಗೆಯಲ್ಲಿ ಬೆದೆ ನಿಂತಿದೆ ಎಂದರೆ ಮೈ ಸೊರಗಿದೆಯಾ, ಹೊಟ್ಟೆಯಲ್ಲಿ ಜಂತು ಇದೆಯಾ ಅಂತ ಮೊದಲು ನೋಡಿ. ಜಂತಿನ ಔಷಧಿ ಹಾಕಿ, ಎರಡು ಮೂರು ವಾರ ದಿನಕ್ಕೆ ಕಾಲು ಕೆಜಿಯಷ್ಟು ಜೋಳದ ನುಚ್ಚು, ಹಿಂಡಿ ಕೊಡಿ. ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಇದೇ ಹೊತ್ತಿಗೆ ಹೋತವನ್ನು ಒಂದು ತಿಂಗಳು ಬೇರೆ ಕಡೆ ಇಡಿ. ಅದು ಕಣ್ಣಿಗೆ ಬೀಳಬಾರದು, ವಾಸನೆಯೂ ಬರಬಾರದು. ಆಮೇಲೆ ಮಂದೆಗೆ ಬಿಟ್ಟರೆ ಹತ್ತು ದಿನದೊಳಗೆ ಹಲವು ಮೇಕೆ ಬೆದೆಗೆ ಬರುತ್ತವೆ. ಮೊದಲ ಬೆದೆಯಲ್ಲಿ ಗಬ್ಬ ನಿಲ್ಲದಿರಬಹುದು. ಐದಾರು ದಿನಕ್ಕೆ ಮತ್ತೆ ಬರುವುದೇ ಒಳ್ಳೆಯ ಬೆದೆ. ಹಾಗಾಗಿ ಹೋತವನ್ನು ಮಂದೆಯಿಂದ ಬೇಗ ತೆಗೆಯಬೇಡಿ. ಖರ್ಚಿಲ್ಲದ ಈ ಉಪಾಯವನ್ನು ನಾನು ತುಂಬಾ ನಂಬುತ್ತೇನೆ.

ಇಷ್ಟಾದರೂ ಬಾರದಿದ್ದರೆ ಹಾರ್ಮೋನ್. ಬೆದೆಯನ್ನು ತಡೆದಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಇರುವ ಸ್ಪಂಜನ್ನು ಪಶುವೈದ್ಯರು ಮೇಕೆಯ ಯೋನಿಯೊಳಗೆ 9ರಿಂದ 11 ದಿನ ಇಡುತ್ತಾರೆ. ತೆಗೆಯುವ ಹೊತ್ತಿಗೆ ಪಿಎಂಎಸ್‌ಜಿ ಎಂಬ, ಅಂಡ ಬೆಳೆಸುವ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಒಂದೆರಡು ದಿನದಲ್ಲಿ ಬೆದೆ ಕಾಣುತ್ತದೆ. ಪಿಎಂಎಸ್‌ಜಿಯನ್ನು ಪದೇಪದೇ ಕೊಟ್ಟರೆ ಮೈ ಅದಕ್ಕೆ ಪ್ರತಿರೋಧ ಬೆಳೆಸಿಕೊಂಡು ಫಲ ಕಡಿಮೆಯಾಗುತ್ತದೆ.

ಬೆದೆ ತರಿಸಲು ಬಳಸುವ ಇನ್ನೊಂದು ಔಷಧಿಯಾದ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಒಂದನ್ನೇ ಅಂಗಡಿಯಿಂದ ತಂದು ಹಾಕಲೇಬೇಡಿ. ಬೆದೆಯ ಚಕ್ರವೇ ನಿಂತ ಮೇಕೆಗೆ ಅದರಿಂದ ಪ್ರಯೋಜನವಿಲ್ಲ. ಗಬ್ಬದ ಮೇಕೆಗೆ ಬಿದ್ದರೆ ಕಂದು ಹಾಕುತ್ತದೆ. ಬಸುರಿಯರು, ಉಬ್ಬಸ ಇರುವವರು ಆ ಔಷಧಿಯನ್ನು ಮುಟ್ಟಲೂಬಾರದು.

ಬಕ್ರೀದ್ ಲೆಕ್ಕ ಹೀಗೆ: ಗಬ್ಬ 5 ತಿಂಗಳು, ಕುರ್ಬಾನಿಗೆ ಮೇಕೆಗೆ ವರ್ಷ ತುಂಬಿರಬೇಕು. ಅಂದರೆ 17 ತಿಂಗಳು ಮೊದಲೇ ಹೋತ ಕೂಡಿರಬೇಕು. ಹಬ್ಬ ಪ್ರತಿವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಅದನ್ನೂ ಸೇರಿಸಿ. ಇನ್ನು, 20 ಮೇಕೆ ಒಂದೇ ದಿನ ಬೆದೆಗೆ ಬಂದರೆ ಒಂದು ಹೋತದಿಂದ ಆಗುವುದಿಲ್ಲ. ನಾಲ್ಕೈದು ಮೇಕೆಗಳ ಗುಂಪು ಮಾಡಿ, ವಾರ ಬಿಟ್ಟು ವಾರ ಸ್ಪಂಜು ಹಾಕಿಸಿ.